ಫ್ಯಾಂಟಸಿ ಹಾಕಿ "ಡ್ರಾಫ್ಟ್"ಗೆ ಕನ್ನಡದಲ್ಲಿ ಏನಂತೀರ? (ನಾಳೆ ರಾತ್ರಿಯೊಳಗೆ ಬೇಕು)

ಲೀಗ್ ನಡೆಸೋನು:

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಅರ್ಜೆಂಟು. ನಾವು 12 ಜನ ಎನ್‌ಎಚ್‌ಎಲ್ (ಉತ್ತರ ಅಮೆರಿಕದ ಐಸ್ ಹಾಕಿ ಲೀಗ್) ಹುಚ್ಚರು ಸೇರಿ ಆನ್‌ಲೈನಲ್ಲಿ ಒಂದು ಫ್ಯಾಂಟಸಿ ಲೀಗ್ ಮಾಡ್ಕೊಂಡಿದೀವಿ, ಅಂದ್ರೆ ನಿಜವಾದ ಆಟಗಾರರನ್ನ ಆರಿಸಿ ನಮ್ಮದೇ ತಂಡ ಕಟ್ಟಿ ಅವರ ಆಟದ ಮೇಲೆ ಅಂಕ ಎಣಿಸೋದು, ಈ ಸಲ ನಿಯಮದ ಹಾಳೆ ಕನ್ನಡದಲ್ಲೇ ಇರ್ಲಿ ಅಂತ ನಾನೇ ಬಾಯಿಬಿಟ್ಟು ಸಿಕ್ಕಿಹಾಕ್ಕೊಂಡೆ. ಡ್ರಾಫ್ಟ್, ಅಂದ್ರೆ ಸರದಿ ಪ್ರಕಾರ ಆಟಗಾರರನ್ನ ಆರಿಸ್ಕೊಳ್ಳೋದು, ನಾಳೆ ರಾತ್ರಿ. ಮಷೀನ್ ಅನುವಾದಕ್ಕೆ ಕೊಟ್ರೆ ಡ್ರಾಫ್ಟ್ ಹೋಗಿ "ಕರಡು" ಆಯ್ತು, ವೇವರ್ "ಮನ್ನಾ" ಆಯ್ತು, ಕಮಿಷನರ್ (ಲೀಗ್ ನಡೆಸೋ ನಾನೇ) "ಆಯುಕ್ತರು" ಆದ್ರು. ಹಾಳೆ ಓದಿದ್ರೆ ನಾನೇನೋ ಸಾಲಮನ್ನಾದ ಕರಡು ಆದೇಶ ಹೊರಡಿಸಿದ ಹಾಗಿದೆ.

ಬೇಕಾಗಿರೋದು: ಡ್ರಾಫ್ಟ್, ಸ್ನೇಕ್ ಡ್ರಾಫ್ಟ್, ಗೋಲಿ, ಕೀಪರ್, ವೇವರ್, ಸ್ಲೀಪರ್. ಸ್ನೇಕ್ ಅಂದ್ರೆ ಮೊದಲ ಸುತ್ತಲ್ಲಿ ಸರದಿ 1ರಿಂದ 12ಕ್ಕೆ ಹೋಗುತ್ತೆ, ಎರಡನೇ ಸುತ್ತಲ್ಲಿ 12ರಿಂದ ವಾಪಸ್ 1ಕ್ಕೆ ಬರುತ್ತೆ. ಮೊದಲನೆಯವನು ಸ್ಟಾರ್ ಆಟಗಾರ ಮೆಕ್‌ಡೇವಿಡ್‌ನ ಎತ್ತಾಕ್ಕೊಂಡ್ರೆ ಆಮೇಲೆ 24ನೇ ಆಯ್ಕೆವರೆಗೂ ಕೈಕಟ್ಟಿ ಕೂರ್ಬೇಕು, ಆಗ 24, 25 ಎರಡೂ ಒಟ್ಟಿಗೆ ಅವನದೇ.

ನಿಘಂಟುಪ್ರಿಯ:

ಒಳ್ಳೆ ಪ್ರಶ್ನೆ. ಮೊದಲು ಮೂಲಕ್ಕೆ ಹೋಗೋಣ. ಇಂಗ್ಲಿಷಿನ ಡ್ರಾಫ್ಟ್ ಹುಟ್ಟಿದ್ದೇ ಎಳೆಯೋದು ಅನ್ನೋ ಅರ್ಥದಿಂದ. ಡ್ರಾ, ಡ್ರ್ಯಾಗ್ ಎಲ್ಲಾ ಒಂದೇ ಬಳ್ಳಿ. ಸೈನ್ಯಕ್ಕೆ ಜನ ಎಳೆಯೋದು, ಗಾಳಿ ಎಳೆಯೋದು, ಕಾಗದದ ಮೇಲೆ ಗೆರೆ ಎಳೆಯೋದು, ಹಾಗೇ ಬಂದು ನಿಮ್ಮ "ಕರಡು"ವರೆಗೂ ಮುಟ್ಟಿದೆ. ಆದ್ದರಿಂದ ಕನ್ನಡದಲ್ಲೂ "ಸೆಳೆ" ಧಾತು ಹಿಡೀಬೇಕು. ಆಟಗಾರರ ಸೆಳೆತ. ಇದರಲ್ಲಿ ಚರ್ಚೆಗೆ ಜಾಗ ಇಲ್ಲ.

ಅಚ್ಚಗನ್ನಡಿಗ:

> ಇದರಲ್ಲಿ ಚರ್ಚೆಗೆ ಜಾಗ ಇಲ್ಲ

ಇದೆ. ಇಂಗ್ಲಿಶಿನ ಬೇರು ಅಗೆದು ಕನ್ನಡದಲ್ಲಿ ಗಿಡ ನೆಡೋ ಚಟ ಯಾವಾಗ ಬಿಡ್ತೀರೋ. ಆ 12 ಮಂದಿ ಮಾಡೋ ಕೆಲಸ ಏನು? ಆಯೋದು. ಹೂ ಆಯ್ತೀವಿ, ಆಳು ಆಯ್ತೀವಿ, ತಮಿಳಲ್ಲೂ ಆಯ್ ಅಂದ್ರೆ ಆರಿಸು ಅಂತಲೇ. ಡ್ರಾಪ್ಟ್ = ಆಯ್ಸುತ್ತು. ಸ್ನೇಕ್ ಡ್ರಾಪ್ಟ್ = ಹಾವ್ನಡೆ. ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಹೊಡೆಯೋದು) = ಬಿಲ್ಲೆ. ಮಹಾಪ್ರಾಣ ಒಂದೂ ಬೇಕಾಗಿಲ್ಲ, ಸಂಸ್ಕ್ರುತ ಒಂದೂ ಬೇಕಾಗಿಲ್ಲ, ಮುಗೀತು.

ಹಳೇ ಮೇಷ್ಟ್ರು:

ಆಯ್ಸುತ್ತು ಅಂತ ಜೋರಾಗಿ ಹೇಳಿ ನೋಡಿ, ಆಯಾಸ ಆಗುತ್ತೆ. ನಿಮ್ಮ ಮಾತು ಮುಗಿಸೋಕೆ ಮುಂಚೆ "ಮಹಾಪ್ರಾಣ" ಅಂತ ಬರೆಯೋಕೆ ಆ ಸಂಸ್ಕೃತವೇ ಬೇಕಾಯ್ತು ನೋಡಿ, ಇರ್ಲಿ.

ಸ್ನೇಕ್ ಡ್ರಾಫ್ಟ್‌ಗೆ ಪದ ಹುಡುಕೋದೇ ಬೇಡ, ನಮ್ಮ ಅಲಂಕಾರಶಾಸ್ತ್ರದಲ್ಲಿ ರೆಡಿ ಇದೆ. ಚಿತ್ರಕಾವ್ಯದಲ್ಲಿ ಒಂದು ಸಾಲಿಂದ ಇನ್ನೊಂದು ಸಾಲಿಗೆ ಅಡ್ಡಡ್ಡ ಹಾರಿ ಓದೋ ಬಂಧಕ್ಕೆ ಗೋಮೂತ್ರಿಕೆ ಅಂತಾರೆ. ಎತ್ತು ನಡೀತಾ ನಡೀತಾ ಮೂತ್ರ ಮಾಡಿದ್ರೆ ನೆಲದ ಮೇಲೆ ಯಾವ ಗೆರೆ ಬೀಳುತ್ತೋ ಅದು. ಗೋಮೂತ್ರಿಕಾ ಕ್ರಮ ಅಂತ ಹಾಕಿ.

ಲೀಗ್ ನಡೆಸೋನು:

ಮೇಷ್ಟ್ರೇ, ಗೌರವದಿಂದಲೇ ಹೇಳ್ತೀನಿ, ಅದನ್ನ ಹಾಳೆ ಮೇಲೆ ಹಾಕಿದ್ರೆ ನಾಳೆ 12 ಜನದಲ್ಲಿ ನಾನೊಬ್ಬನೇ ಉಳೀತೀನಿ.

ಅಂದಹಾಗೆ ನೀವು "ಅಂತ ಹಾಕಿ" ಅಂದಿದ್ದಕ್ಕೆ ನೆನಪಾಯ್ತು, ಆಟದ ಹೆಸರಲ್ಲೇ ತೊಂದರೆ ಇದೆ. "ಐಸ್ ಹಾಕಿ" ಅಂತ ಬರೆದ್ರೆ ಓದೋನು ಎಷ್ಟು ಹಾಕಲಿ ಅಂತಾನೆ. ಕಳೆದ ವರ್ಷ ಗುಂಪಲ್ಲಿ "ಇವತ್ತೇ ಹಾಕಿ ಡ್ರಾಫ್ಟ್" ಅಂತ ಕಳಿಸಿದ್ದಕ್ಕೆ ಒಬ್ಬ "ಎಲ್ಲಿ ಹಾಕ್ಲಿ" ಅಂತ ಕೇಳಿದ, ತಮಾಷೆಗೂ ಅಲ್ಲ.

ಪಾಯಿಂಟ್ ಲೆಕ್ಕದವಳು:

ನಾನು ಇಂಥ ಲೀಗಲ್ಲಿ ಆಡಿದೀನಿ ಅದಕ್ಕೇ ಹೇಳ್ತಿದೀನಿ, ಗಲಾಟೆ ಆಗೋ ಪದ ಡ್ರಾಫ್ಟ್ ಅಲ್ಲ, ಗೋಲಿ. "ಪ್ರತಿ ತಂಡಕ್ಕೆ ಎರಡು ಗೋಲಿ ಕಡ್ಡಾಯ" ಅಂತ ಬರೆದ್ರೆ ಮಕ್ಕಳಾಟದ ಗೋಲಿ ಥರ ಕಾಣುತ್ತೆ. ಸರಿ ಗೋಲ್‌ಕೀಪರ್ ಅಂತ ಬಿಡಿಸಿ ಬರೀತೀರ, ಆಗ ಮುಂದಿನ ಪದ ಕೀಪರ್ ಬಂದು ಡಿಕ್ಕಿ ಹೊಡೆಯುತ್ತೆ, ಯಾಕಂದ್ರೆ ಫ್ಯಾಂಟಸಿಯಲ್ಲಿ ಕೀಪರ್ ಅಂದ್ರೆ ಮುಂದಿನ ಸೀಸನ್‌ಗೂ ನಾವೇ ಇಟ್ಕೊಳ್ಳೋ ಆಟಗಾರ, ಅವನು ಸೆಂಟರ್ ಆಗಿರಬಹುದು ಡಿಫೆನ್ಸ್ ಆಗಿರಬಹುದು, ನಮ್ಮ ಜನಕ್ಕೆ ಕೀಪರ್ ಅಂದ ತಕ್ಷಣ ಗ್ಲೌಸ್ ಹಾಕ್ಕೊಂಡು ನಿಂತೋನೇ ಕಣ್ಮುಂದೆ ಬರೋದು. ನಾವು "ಉಳಿಕೆ ಆಟಗಾರ" ಅಂತ ಮಾಡ್ಕೊಂಡ್ವಿ, ನಡೀತು.

ವೇವರ್‌ಗೆ "ಬಿಟ್ಟವರ ಪಟ್ಟಿ". ಒಬ್ಬ ಕೈಬಿಟ್ಟ ಆಟಗಾರ ಕೂಡ್ಲೇ ಇನ್ನೊಬ್ಬನ ಕೈಗೆ ಹೋಗಲ್ಲ, ಸ್ವಲ್ಪ ದಿನ ಪಟ್ಟಿಯಲ್ಲಿ ಕೂತಿರ್ತಾನೆ. ಮನ್ನಾನೂ ಇಲ್ಲ ಮಾಫಿನೂ ಇಲ್ಲ.

ಸ್ಲೀಪರ್‌ಗಂತೂ ಯೋಚನೆ ಯಾಕೆ, ಎಲೆಮರೆ ಕಾಯಿ. ಯಾರ ಕಣ್ಣಿಗೂ ಬೀಳದೆ ಹದಿನಾಲ್ಕನೇ ಸುತ್ತಲ್ಲಿ ಸಿಕ್ಕು ಸೀಸನ್ ಪೂರ್ತಿ ಗೋಲ್ ಹೊಡೆಯೋನು.

ಅಚ್ಚಗನ್ನಡಿಗ:

ಎಲೆಮರೆ ಕಾಯಿ ಚೆನ್ನಾಗಿದೆ. ಒಪ್ಪಿದೆ.

ಹಳೇ ಮೇಷ್ಟ್ರು:

ನಾನೂ ಒಪ್ಪಿದೆ. ದಿನಾಂಕ ಬರೆದಿಟ್ಕೊಳ್ಳಿ.

ನಿಘಂಟುಪ್ರಿಯ:

ಒಂದು ಮಾತು. ಆಯ್ಕೆ, ಆಯುಕ್ತ ಎರಡೂ "ಆಯ್"ನಿಂದಲೇ ಬಂದಿರೋದ್ರಿಂದ ಕಮಿಷನರ್‌ಗೆ ಆಯುಕ್ತ ಅನ್ನೋದು ತಪ್ಪೇನಲ್ಲ, ಆಯ್ದು ಕೂರಿಸಿದವನು ಅಂತ.

ಹಳೇ ಮೇಷ್ಟ್ರು:

ಸುಳ್ಳು. ಆಯುಕ್ತ ಅಂದ್ರೆ ಆ ಮತ್ತು ಯುಜ್, ನೇಮಿಸಲ್ಪಟ್ಟವನು. ಆಯ್ಕೆ ಕನ್ನಡದ್ದು. ಅಕ್ಷರ ಹೋಲಿದ ಮಾತ್ರಕ್ಕೆ ನೆಂಟರಾಗಲ್ಲ.

ಅಚ್ಚಗನ್ನಡಿಗ:

ಇದೊಂದರಲ್ಲಿ ಮೇಶ್ಟ್ರು ಸರಿ. ಅದಕ್ಕೇ ಆಯುಕ್ತನೂ ಬೇಡ, ಕಮಿಶನರೂ ಬೇಡ, "ನಡೆಸುಗ" ಅನ್ನಿ. ದುಡ್ಡು ಕೂಗಿ ಆಟಗಾರರನ್ನ ಕೊಳ್ಳೋ ಬಗೆಯೂ ಇದೆಯಲ್ಲ, ಅದಕ್ಕೂ ಆಕ್ಶನ್ ಅನ್ನಬೇಡಿ, ನಮ್ಮದೇ ಹರಾಜು ಇದೆ.

ಪಾಯಿಂಟ್ ಲೆಕ್ಕದವಳು:

ಹರಾಜು ಅರಬ್ಬಿಯಿಂದ ಬಂದಿದ್ದು ಸರ್. ತಾರೀಖು, ರಸೀದಿ ಎಲ್ಲಾ ಅರಬ್ಬಿ, ಫಾರ್ಸಿ ಕಡೆಯಿಂದಲೇ ಬಂದು ಮನೆಮಂದಿ ಆಗಿಲ್ವಾ, ಡ್ರಾಫ್ಟ್ ಬಂದ್ರೆ ಮಾತ್ರ ಬಾಗಿಲಲ್ಲಿ ಆಧಾರ ಕೇಳ್ತೀರಲ್ಲ.

ಅರ್ಥ ನೋಡ್ಕೊಂಡೇ ಪದ ಹುಟ್ಟುತ್ತೆ ಅನ್ನೋರಿಗೆ ಈ ಆಟದಿಂದಲೇ ಒಂದು ಉದಾಹರಣೆ. ಅಂಕಿಅಂಶದ ಒಂದೊಂದು ಕಾಲಂನಲ್ಲೂ ಯಾರು ಮುಂದೆ ಅಂತ ನೋಡಿ ಅಂಕ ಕೊಡೋ ಲೀಗಿಗೆ ರೋಟೋ ಅಂತಾರೆ. ಅದು ರೋಟಿಸ್ಸರಿಯ ಮೊಟಕು. 1980ರಲ್ಲಿ ಬೇಸ್‌ಬಾಲಿಗೆ ಇದನ್ನ ಶುರು ಮಾಡಿದೋರು ನ್ಯೂಯಾರ್ಕಲ್ಲಿ ಊಟಕ್ಕೆ ಸೇರ್ತಿದ್ದ ರೆಸ್ಟೋರೆಂಟ್ ಹೆಸರು ಅದು, ಮಾಂಸ ಸುಡೋ ಅಂಗಡಿ ಅಂತ ಅರ್ಥ. ಹಾಕಿಗೂ ಸುಟ್ಟ ಕೋಳಿಗೂ ಏನು ಸಂಬಂಧ? ಈಗ ಹಾಕಿ ಲೀಗಲ್ಲೂ ರೋಟೋನೇ, ಯಾರೂ ಧಾತು ಕೇಳಲ್ಲ.

ನಿಘಂಟುಪ್ರಿಯ:

ಹಾಗಾದ್ರೆ ಡ್ರಾಫ್ಟ್ ಅಂತಲೇ ಇಟ್ಕೊಳ್ಳಿ, ನಮ್ಮನ್ನ ಯಾಕೆ ಕೇಳಿದ್ರಿ.

ಪಾಯಿಂಟ್ ಲೆಕ್ಕದವಳು:

ಕೇಳಿದ್ದು ನಾನಲ್ಲ. ಆದ್ರೂ ಹೇಳ್ತೀನಿ, ಇಲ್ಲಿ ಎರಡು ಡ್ರಾಫ್ಟ್ ಇದೆ. ಎನ್‌ಎಚ್‌ಎಲ್‌ನದೇ ಅಸಲಿ ಡ್ರಾಫ್ಟ್ 1963ರಿಂದ ನಡೀತಿದೆ, ಅದರಲ್ಲಿ ತಂಡಗಳು ಹದಿನೆಂಟರ ಆಸುಪಾಸಿನ ಹುಡುಗರನ್ನ ಏಳು ಸುತ್ತಲ್ಲಿ ತಗೊಳ್ತವೆ, 2015ರಲ್ಲಿ ಎಡ್ಮಂಟನ್ ತಂಡದವರು ಮೆಕ್‌ಡೇವಿಡ್‌ನ ಮೊದಲನೆಯವನಾಗಿ ತಗೊಂಡಿದ್ದು ಅಲ್ಲೇ. ಇವರು ನಾಳೆ ಮಾಡೋದು ಆಗಲೇ ಆಡ್ತಿರೋರನ್ನ ಹಂಚ್ಕೊಳ್ಳೋದು. ಎರಡಕ್ಕೂ ಒಂದೇ ಪದ ಹಾಕಿದ್ರೆ "ಡ್ರಾಫ್ಟಲ್ಲಿ ಮೊದಲು ಹೋದೋನು" ಅಂದಾಗ ಯಾವುದು ಅಂತ ಗೊತ್ತಾಗಲ್ಲ. ಅಸಲಿಗೆ ಡ್ರಾಫ್ಟ್ ಇರ್ಲಿ, ನಿಮ್ಮದಕ್ಕೆ "ಆಯ್ಕೆ ಸರದಿ" ಸಾಕು. ಸ್ನೇಕ್‌ಗೆ "ತಿರುಗುಮುರುಗು ಸರದಿ".

ಅಚ್ಚಗನ್ನಡಿಗ:

ಹಾವ್ನಡೆಗೆ ಏನಾಗಿತ್ತು?

ಹಳೇ ಮೇಷ್ಟ್ರು:

ಹಾವಿನಾಟ ಅಂದ್ರೆ ಏಣಿ ಎಲ್ಲಿ ಅಂತ ಕೇಳ್ತಾರೆ. ಗೋಮೂತ್ರಿಕೆಗೆ ಆ ಬಾಧೆ ಇರ್ಲಿಲ್ಲ.

ಲೀಗ್ ನಡೆಸೋನು:

ಎಲ್ಲರಿಗೂ ಥ್ಯಾಂಕ್ಸ್. ಆಯ್ಕೆ ಸರದಿ, ತಿರುಗುಮುರುಗು, ಗೋಲ್‌ಕೀಪರ್, ಉಳಿಕೆ ಆಟಗಾರ, ಬಿಟ್ಟವರ ಪಟ್ಟಿ, ಎಲೆಮರೆ ಕಾಯಿ ಇಷ್ಟು ಹಾಕಿದೀನಿ. ನನ್ನ ಹೆಸರ ಮುಂದೆ ನಡೆಸುಗ ಅಂತಲೂ ಹಾಕ್ಕೊಂಡೆ, ಆಯುಕ್ತಕ್ಕಿಂತ ವಾಸಿ. ಒಬ್ಬೊಬ್ಬರಿಗೆ 90 ಸೆಕೆಂಡ್, ಅಷ್ಟರಲ್ಲಿ ಹೆಸರು ಹೇಳದಿದ್ರೆ ಸಿಸ್ಟಮ್ಮೇ ಆರಿಸುತ್ತೆ, ಅದನ್ನೂ ಬರೆದಿದೀನಿ. ಹಾಳೆ ಲಗತ್ತಿಸಿದೆ, ತಪ್ಪಿದ್ರೆ ಹೇಳಿ.

ಹಳೇ ಮೇಷ್ಟ್ರು:

ನೋಡಿದೆ. ಮೇಲ್ಗಡೆ ದಪ್ಪ ಅಕ್ಷರದಲ್ಲಿ "ಹಾಕಿ ಕರಡು" ಅಂತ ಹಾಗೇ ಉಳಿದಿದೆ.