ಸಹಾಯ ಬೇಕು: ನಾಲ್ಕು ನಿಮಿಷ ಕಳೆದರೆ ಮ್ಯಾಟರ್ ಬಲ್ಬ್‌ಗಳು ಆ್ಯಪ್‌ಗೆ ಸಿಗುವುದಿಲ್ಲ

ಎಲ್ಲರಿಗೂ ನಮಸ್ಕಾರ. ಫೋನ್‌ಗಳು ಒಂದು ವಿಲ್ಯಾನ್‌ನಲ್ಲಿ (ಒಂದೇ ನೆಟ್‌ವರ್ಕ್‌ನೊಳಗೆ ಬೇರ್ಪಡಿಸಿದ ಭಾಗ), ಟಿವಿ ಮತ್ತು ಆರು ಮ್ಯಾಟರ್ (ಸ್ಮಾರ್ಟ್ ಮನೆ ಸಾಧನಗಳ ಸಾಮಾನ್ಯ ಮಾನದಂಡ) ವೈಫೈ ಬಲ್ಬ್ ಇನ್ನೊಂದರಲ್ಲಿ ಇವೆ. ಸಾಧನಗಳು ಒಂದನ್ನೊಂದು ಹುಡುಕಲು ಕಳಿಸುವ ಎಂಡಿಎನ್‌ಎಸ್ ಸಂದೇಶ ತಾನಾಗಿ ರೂಟರ್ ದಾಟದ ಕಾರಣ, ಅದನ್ನು ಆಚೆ ದಾಟಿಸುವ ಅವಾಹಿ ರಿಫ್ಲೆಕ್ಟರ್ ಹಾಕಿದೆ. ಫೈರ್‌ವಾಲ್‌ನಲ್ಲಿ ಯುಡಿಪಿ ಪೋರ್ಟ್ 5353 (ಎಂಡಿಎನ್‌ಎಸ್), 5540 (ಮ್ಯಾಟರ್) ತೆರೆದಿವೆ. ಎರಡೂ ಕಡೆ ಎಫ್‌ಡಿಯಿಂದ ಶುರುವಾಗುವ ಐಪಿವಿ6 ವಿಳಾಸ ಸಿಕ್ಕಿದೆ, ಹಾಗಾಗಿ ರೂಟರ್ ದಾಟಲಾಗದ ಎಫ್‌ಇ80 ವಿಳಾಸದ ಮಾಮೂಲಿ ತೊಂದರೆ ಇದಲ್ಲ.

ಬಲ್ಬ್ ಆರಿಸಿ ಹಾಕಿದರೆ ಕೂಡಲೇ ಸಿಗುತ್ತದೆ. ಸುಮಾರು 260 ಸೆಕೆಂಡ್ ಆದಮೇಲೆ ಪಿಂಗ್‌ಗೂ ಉತ್ತರವಿಲ್ಲ. ಅದೇ ಹೊತ್ತಿಗೆ ಐಪಿವಿ4ನಲ್ಲಿ ಟಿವಿಗೆ ಕಾಸ್ಟ್ ಮಾಡುವುದು ಸರಾಗವಾಗಿ ನಡೆಯುತ್ತದೆ.

ನನ್ನ ಅನುಮಾನ ರೂಟರ್ ಮತ್ತು ಆಕ್ಸೆಸ್ ಪಾಯಿಂಟ್ ನಡುವಿನ ಸ್ವಿಚ್ ಮೇಲೆ. ಅದರಲ್ಲಿ ಎಂಎಲ್‌ಡಿ ಸ್ನೂಪಿಂಗ್ (ಐಪಿವಿ6 ಗುಂಪು ಸಂದೇಶವನ್ನು, ಅದು ಬೇಕೆಂದ ಪೋರ್ಟ್‌ಗಳಿಗೆ ಮಾತ್ರ ಬಿಡುವ ವ್ಯವಸ್ಥೆ) ಆನ್ ಇದೆ, ಆದರೆ ಗುಂಪಿನಲ್ಲಿ ಯಾರಿದ್ದಾರೆಂದು ಆಗಾಗ ಕೇಳುವ ಕ್ವೇರಿಯರ್ ಎಲ್ಲೂ ಇಲ್ಲ. ಯಾರೂ ಕೇಳದಿದ್ದರೆ ಗುಂಪಿನ ಸದಸ್ಯತ್ವ 2×125+10, ಅಂದರೆ 260 ಸೆಕೆಂಡಿಗೆ ಮುಗಿಯುತ್ತದೆ. ಲೆಕ್ಕ ಸರಿಯಾಗಿ ಕೂಡುತ್ತದೆ. ಎಂಡಿಎನ್‌ಎಸ್‌ನ ಐಪಿವಿ4 ವಿಳಾಸ 224.0.0.251ಕ್ಕೆ ಬರುವುದನ್ನು ಸ್ವಿಚ್‌ಗಳು ಎಲ್ಲ ಪೋರ್ಟ್‌ಗೂ ಬಿಡುತ್ತವೆ, ಅದರ ಐಪಿವಿ6 ವಿಳಾಸ ಎಫ್‌ಎಫ್02::ಎಫ್‌ಬಿಗೆ ಆ ವಿನಾಯಿತಿ ಇಲ್ಲ. ನೆರೆಯ ವಿಳಾಸ ಹುಡುಕುವ ಸಂದೇಶಕ್ಕೂ ಇಲ್ಲ, ಪಿಂಗ್ ನಿಲ್ಲುವುದು ಅದಕ್ಕೇ ಇರಬೇಕು.

ತಿಳಿದವರು ದಯವಿಟ್ಟು ಹೇಳಿ: ರೂಟರ್ ಸಾಫ್ಟ್‌ವೇರ್ ಓಪನ್‌ಡಬ್ಲ್ಯುಆರ್‌ಟಿಯಲ್ಲಿ ವಿಲ್ಯಾನ್ ಫಿಲ್ಟರಿಂಗ್ ಇರುವ ಬ್ರಿಡ್ಜ್ (ಪೋರ್ಟ್‌ಗಳನ್ನು ಒಂದುಗೂಡಿಸುವ ಭಾಗ) ಮೇಲೆ ಮಲ್ಟಿಕಾಸ್ಟ್ (ಗುಂಪು ಸಂದೇಶದ) ಕ್ವೇರಿಯರ್ ಆನ್ ಮಾಡಿದರೆ, ಕ್ವೇರಿ ಬಲ್ಬ್‌ಗಳ ವಿಲ್ಯಾನ್ ಟ್ಯಾಗ್ (ಯಾವ ವಿಲ್ಯಾನ್ ಎಂದು ಹೇಳುವ ಗುರುತು) ಹೊತ್ತು ಹೋಗುತ್ತದೆಯೇ, ಟ್ಯಾಗ್ ಇಲ್ಲದೆಯೇ? ಸ್ವಿಚ್‌ನ ಸ್ನೂಪಿಂಗ್ ಆಫ್ ಮಾಡಬಹುದು, ಆದರೆ ಐಪಿಟಿವಿ ಪ್ರಸಾರವೆಲ್ಲ 2.4 ಗಿಗಾಹರ್ಟ್ಸ್ ವೈಫೈಗೆ ನುಗ್ಗುತ್ತದೆ. ಆ ದಾರಿ ಬೇಡ. ಕೆಲಸ ಮಾಡಿದ ಕಾನ್ಫಿಗ್ ಸಾಲುಗಳಿದ್ದರೆ ಹಾಕಿ, ಉಪಕಾರವಾಗುತ್ತದೆ.