ಜಿಪ್ಸಿ 1.3ಕ್ಕೆ ಪರ್ಫಾರ್ಮೆನ್ಸ್ ಕ್ಯಾಮ್: ಪುಲ್ಲಿ ಗುರುತು ಸೇರಿಸಿದರೆ ಸಾಕಾ?

ಘಾಟಿರಸ್ತೆ (ತೀರ್ಥಹಳ್ಳಿ)
ಜಿಪ್ಸಿ, ಕಾರ್ಬ್ಯುರೇಟರ್ 1.3 ಎಂಜಿನ್, 8 ವಾಲ್ವ್. ಹೆಡ್ 0.5 ಮಿ.ಮೀ. ಸ್ಕಿಮ್ ಆಗಿದೆ (ತಳ ಉಜ್ಜಿ ಅಷ್ಟು ತೆಳುವಾಗಿಸಿದೆ). ರೀಗ್ರೈಂಡ್ ಮಾಡಿಸಿದ (ಉಬ್ಬುಗಳನ್ನು ಮತ್ತೆ ಉಜ್ಜಿ ಆಕಾರ ಬದಲಿಸಿದ) ಕ್ಯಾಮ್, ಅಂದರೆ ವಾಲ್ವ್ ತೆರೆಯುವ ದಂಡ, ಬಂದಿದೆ; ಜೊತೆಗಿರುವ ಕಾರ್ಡ್‌ನಲ್ಲಿ ಇನ್ಲೆಟ್ ಪೀಕ್ (ಇನ್ಲೆಟ್ ವಾಲ್ವ್ ಪೂರ್ತಿ ತೆರೆಯುವ ಹಂತ) ಟಿಡಿಸಿ, ಅಂದರೆ ಪಿಸ್ಟನ್ ಅತಿ ಮೇಲಿರುವ ಬಿಂದು, ಆದಮೇಲೆ 106°, ವಾಲ್ವ್ ಲಿಫ್ಟ್ 9.5 ಮಿ.ಮೀ. ಅಂತಿದೆ. ಗಾಡಿಯ ಕೆಲಸ ತೋಟದ ಏರು, ಮಳೆಗಾಲದ ಕೆಸರು, ಆಗೊಮ್ಮೆ ಈಗೊಮ್ಮೆ ಆಟೋಕ್ರಾಸ್. ಬೆಲ್ಟ್ ಗುರುತು ಸೇರಿಸಿ ಸ್ಟಾರ್ಟ್ ಮಾಡಬಹುದಾ, ಅಥವಾ ಡಿಗ್ರಿ ವೀಲ್ (ಕ್ರ್ಯಾಂಕ್‌ಗೆ ಕೂರಿಸುವ, ಡಿಗ್ರಿ ಗುರುತಿರುವ ಬಿಲ್ಲೆ) ಹಾಕಲೇಬೇಕಾ?

ಟಾರ್ಕ್_ಮಲ್ನಾಡು
ಹಾಕಲೇಬೇಕು. ಪುಲ್ಲಿಯ ಗುರುತು ಕಂಪನಿಯ ಕ್ಯಾಮ್‌ಗೆ, ಸ್ಕಿಮ್ ಆಗದ ಹೆಡ್‌ಗೆ ಹೊಂದುವಂಥದ್ದು. ಹೆಡ್ ತೆಳುವಾದಷ್ಟೂ ಕ್ಯಾಮ್ ಕ್ರ್ಯಾಂಕ್‌ಗೆ ಹತ್ತಿರ ಬಂದು ಟೈಮಿಂಗ್ ಹಿಂದೆ ಬೀಳುತ್ತದೆ. ಪುಲ್ಲಿಯ ತ್ರಿಜ್ಯ 55 ಮಿ.ಮೀ. ಅಂದುಕೊಂಡರೆ 0.5 ಮಿ.ಮೀ. ಸ್ಕಿಮ್ಮಿಂಗ್‌ಗೆ ಕ್ರ್ಯಾಂಕ್‌ನಲ್ಲಿ ಹತ್ತಿರ ಹತ್ತಿರ 1° ಹೋಯಿತು. ಆಗುಂಬೆ, ಹುಲಿಕಲ್ ಹತ್ತಿಸಿ ಬಿಸಿಯೇರಿ ಸ್ಕಿಮ್ ಆದ ಹೆಡ್‌ಗಳು ನಮ್ಮ ಕಡೆ ಬೇಕಾದಷ್ಟಿವೆ, ಹಾಗಾಗಿ ಇದನ್ನು ಸಣ್ಣದೆಂದು ಬಿಡುವಂತಿಲ್ಲ.

ಮೊದಲು ನಿಜವಾದ ಟಿಡಿಸಿ. ಕಣ್ಣಂದಾಜು ಅಥವಾ ಪ್ಲಗ್ ತೂತಿಗೆ ಕಡ್ಡಿ ಬಿಟ್ಟು ನೋಡುವುದು ಬೇಡ. ಈ ಎಂಜಿನ್‌ನ ಸ್ಟ್ರೋಕ್ 75.5 ಮಿ.ಮೀ.; ಟಿಡಿಸಿಯ ಆಚೀಚೆ 5° ತಿರುಗಿಸಿದರೂ ಪಿಸ್ಟನ್ 0.2 ಮಿ.ಮೀ. ಕೂಡ ಇಳಿಯುವುದಿಲ್ಲ. ಹಳೇ ಪ್ಲಗ್‌ನ ಪಿಂಗಾಣಿ ತೆಗೆದು, ತುದಿ ಉರುಟು ಮಾಡಿದ ಬೋಲ್ಟ್ ಕೂರಿಸಿದರೆ ಪಿಸ್ಟನ್ ಸ್ಟಾಪ್ ಆಯಿತು. ಒಂದನೇ ಸಿಲಿಂಡರ್‌ನ ರಾಕರ್ (ವಾಲ್ವ್ ಒತ್ತುವ ತೋಳು) ಸ್ಕ್ರೂ ಪೂರ್ತಿ ಸಡಿಲಿಸಿ, ಇಲ್ಲದಿದ್ದರೆ ವಾಲ್ವ್ ಆ ಬೋಲ್ಟ್‌ಗೆ ಬಡಿಯಬಹುದು. ಎಲ್ಲ ಪ್ಲಗ್ ತೆಗೆದು ಸ್ಪ್ಯಾನರ್‌ನಲ್ಲೇ ತಿರುಗಿಸಿ, ಸ್ಟಾರ್ಟರ್ ಮುಟ್ಟಬೇಡಿ. ಪಿಸ್ಟನ್ ಬೋಲ್ಟ್‌ಗೆ ಒಂದು ಕಡೆ ತಾಗಿದಾಗ ವೀಲ್ 34°, ಇನ್ನೊಂದು ಕಡೆ 30° ತೋರಿಸಿದರೆ ಪಾಯಿಂಟರ್ 2° ಸರಿಸಿ, ಎರಡೂ ಕಡೆ 32° ಬರಬೇಕು. ಆಮೇಲೆ ವೀಲ್ ಅಲುಗಾಡಿದರೆ ಮತ್ತೆ ಮೊದಲಿಂದ.

ವೀಲ್ 250 ಮಿ.ಮೀ. ವ್ಯಾಸದ್ದಿರಲಿ, ಅಂಚಿನಲ್ಲಿ ಒಂದು ಡಿಗ್ರಿಗೆ 2 ಮಿ.ಮೀ.ಗಿಂತ ತುಸು ಹೆಚ್ಚು ಜಾಗ ಸಿಗುತ್ತದೆ. ಪ್ರಿಂಟ್ ತೆಗೆದು ಅಲ್ಯೂಮಿನಿಯಂ ತಗಡಿಗೆ ಅಂಟಿಸುವುದಾದರೆ ಲ್ಯಾಮಿನೇಟ್ ಮಾಡಿಸಿ. ನಮ್ಮ ಆಷಾಢದ ತೇವಕ್ಕೆ ಕಾಗದ ಉಬ್ಬುತ್ತದೆ.

ಈಗ ರಾಕರ್ ಗ್ಯಾಪ್ ಕಾರ್ಡ್‌ನಂತೆ ಇಟ್ಟು, ಡಯಲ್ ಗೇಜ್‌ನ ಮೊನೆಯನ್ನು ಇನ್ಲೆಟ್ ವಾಲ್ವ್‌ನ ರಿಟೇನರ್ (ಸ್ಪ್ರಿಂಗ್ ಹಿಡಿದಿಡುವ ಬಿಲ್ಲೆ) ಮೇಲೆ ಕಾಂಡಕ್ಕೆ ಸಮಾಂತರವಾಗಿ ಕೂರಿಸಿ. ಓರೆಯಾದರೆ ಲಿಫ್ಟ್ ತಪ್ಪು ತೋರಿಸುತ್ತದೆ. ಪೂರ್ತಿ ಲಿಫ್ಟ್‌ನಲ್ಲಿ ಸೊನ್ನೆ ಮಾಡಿ, ಹಿಂದೆ ಹೋಗಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ಮುಂದೆ ಬನ್ನಿ. ಪೀಕ್‌ಗೆ 1.27 ಮಿ.ಮೀ. ಮೊದಲು ಒಂದು ರೀಡಿಂಗ್, ಪೀಕ್ ದಾಟಿ 1.27 ಇಳಿದಾಗ ಇನ್ನೊಂದು. ಕೂಡಿಸಿ ಎರಡರಿಂದ ಭಾಗಿಸಿ. ತುದಿಯಲ್ಲಿ ಲೋಬ್ (ಕ್ಯಾಮ್‌ನ ಉಬ್ಬು) ಕೆಲವು ಡಿಗ್ರಿ ಚಪ್ಪಟೆಯಾಗಿಯೇ ಇರುವುದರಿಂದ ಪೀಕನ್ನು ನೇರವಾಗಿ ಓದಲು ಬರುವುದಿಲ್ಲ. ಗುರುತು ದಾಟಿ ಹೋದರೆ ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಬನ್ನಿ, ಬೆಲ್ಟ್‌ನ ಸಡಿಲ ಲೆಕ್ಕಕ್ಕೆ ಸೇರಬಾರದು.

ಘಾಟಿರಸ್ತೆ (ತೀರ್ಥಹಳ್ಳಿ)
ಹಾಗೇ ಅಳೆದೆ. 74° ಮತ್ತು 146° ಬಂತು. ಬೆಲ್ಟ್ ಒಂದು ಹಲ್ಲು ಹಾರಿಸಿದರೆ ಸರಿಹೋಗುತ್ತಾ?

ಟಾರ್ಕ್_ಮಲ್ನಾಡು
220ರ ಅರ್ಧ 110. ಕಾರ್ಡ್ 106 ಅನ್ನುತ್ತದೆ, ಅಂದರೆ ಕ್ಯಾಮ್ 4° ತಡ. ಸ್ಕಿಮ್ಮಿಂಗ್‌ನದು 1° ಬಿಟ್ಟರೆ ಉಳಿದದ್ದು ಗ್ರೈಂಡಿಂಗ್‌ದೋ ಡೋವೆಲ್‌ದೋ (ಪುಲ್ಲಿಯನ್ನು ಕ್ಯಾಮ್‌ಗೆ ಕೂರಿಸುವ ಪಿನ್) ಇರಬೇಕು. ಹಲ್ಲು ಹಾರಿಸುವ ಮಾತೇ ಇಲ್ಲ: ಕ್ಯಾಮ್ ಪುಲ್ಲಿಗೆ 40 ಹಲ್ಲಿದ್ದರೆ ಒಂದು ಹಲ್ಲು ಕ್ರ್ಯಾಂಕ್‌ನ 18°! ಅಡ್ಜಸ್ಟಬಲ್ ಪುಲ್ಲಿ ಹಾಕಿ, ಕ್ಯಾಮನ್ನು ಅದು ತಿರುಗುವ ದಿಕ್ಕಿಗೆ 2° ಸರಿಸಿ. ಕ್ಯಾಮ್‌ನ 2° ಅಂದರೆ ಕ್ರ್ಯಾಂಕ್‌ನ 4°. ಬೋಲ್ಟ್ ಬಿಗಿದು, ಕೈಯಲ್ಲಿ ಎರಡು ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಬಿಗಿಯುವಾಗಲೇ ಅದು ಜಾರುವುದುಂಟು.

ಒಂದೇ ಕ್ಯಾಮ್ ಆದ್ದರಿಂದ ಇನ್ಲೆಟ್, ಎಕ್ಸಾಸ್ಟ್ ಎರಡೂ ಒಟ್ಟಿಗೇ ಸರಿಯುತ್ತವೆ. ನಿಮ್ಮ ಏರಿನ ಕೆಲಸಕ್ಕೆ 104° ವರೆಗೂ ತರಬಹುದು: ಇನ್ಲೆಟ್ ಬೇಗ ಮುಚ್ಚಿ ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಹೆಚ್ಚುತ್ತದೆ, ಮೇಲಿನ ಓಟ ತುಸು ಕುಗ್ಗುತ್ತದೆ. ಎರಡನೇ ಗೇರ್‌ನಲ್ಲಿ ಜಲ್ಲಿ ಹೇರಿಕೊಂಡು ಹತ್ತುವವರಿಗೆ ಇದೇ ಸರಿ.

ವಾಲ್ವ್‌ಗ್ಯಾಪ್ (ಭದ್ರಾವತಿ)
104ಕ್ಕೆ ಹೋಗುವ ಮುನ್ನ ವಾಲ್ವ್–ಪಿಸ್ಟನ್ ಅಂತರ ನೋಡಿ. ಮುಂದೆ ಸರಿಸಿದಷ್ಟೂ ಇನ್ಲೆಟ್ ಕಡೆ ಜಾಗ ಕಡಿಮೆಯಾಗುತ್ತದೆ, ಹಿಂದೆ ಸರಿಸಿದರೆ ಎಕ್ಸಾಸ್ಟ್ ಕಡೆ. ಹೆಡ್ ಇಳಿದ ಮೇಲಂತೂ ಎರಡೂ ಕಡೆ ಕಡಿಮೆಯೇ. ಪಿಸ್ಟನ್ ಮೇಲೆ ಮಕ್ಕಳ ಕ್ಲೇ ಇಟ್ಟು, ವಾಲ್ವ್‌ಗೆ ಎಣ್ಣೆ ಸವರಿ, ಹಳೇ ಗ್ಯಾಸ್ಕೆಟ್ ಹಾಕಿ ಹೆಡ್ ಬಿಗಿದು ಎರಡು ಸುತ್ತು ತಿರುಗಿಸಿ. ಬಿಚ್ಚಿ, ಬ್ಲೇಡಿನಿಂದ ಕತ್ತರಿಸಿ, ಅತಿ ತೆಳುವಾದ ಜಾಗ ಅಳೆಯಿರಿ. ಇನ್ಲೆಟ್‌ಗೆ ಕನಿಷ್ಠ 2 ಮಿ.ಮೀ., ಎಕ್ಸಾಸ್ಟ್‌ಗೆ 2.5. ಎಕ್ಸಾಸ್ಟ್‌ಗೆ ಹೆಚ್ಚು ಯಾಕೆಂದರೆ ಅದು ಕಾದು ಉದ್ದವಾಗುತ್ತದೆ, ಮೇಲಾಗಿ ಮುಚ್ಚುವ ವಾಲ್ವನ್ನು ಪಿಸ್ಟನ್ ಅಟ್ಟಿಸಿಕೊಂಡು ಬರುತ್ತಿರುತ್ತದೆ; ಸ್ಪ್ರಿಂಗ್ ಸೋತರೆ ಅಲ್ಲೇ ತಾಗುತ್ತದೆ. ಪೂರ್ತಿ ಲಿಫ್ಟ್‌ನಲ್ಲಿ ಸ್ಪ್ರಿಂಗ್ ಸುರುಳಿಗಳ ನಡುವೆ ಒಟ್ಟು 1 ಮಿ.ಮೀ. ಆದರೂ ಉಳಿಯಬೇಕು. ರಾಕರ್ ಪ್ಯಾಡ್‌ನಲ್ಲಿ ಹಳೇ ಕ್ಯಾಮ್‌ನ ಗೆರೆ ಬಿದ್ದಿದ್ದರೆ ಬದಲಿಸಿ, ಅದು ಹೊಸ ಲೋಬನ್ನು ತಿಂದುಹಾಕುತ್ತದೆ.

ಟಾರ್ಕ್_ಮಲ್ನಾಡು
ಒಂದು ಸೇರಿಸುತ್ತೇನೆ. ಈ ಎಂಜಿನ್‌ನಲ್ಲಿ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚುವ ಭಾಗ) ತಿರುಗುವುದು ಕ್ಯಾಮ್‌ನಿಂದಲೇ. ಕ್ಯಾಮ್ 4° ಮುಂದೆ ಹೋದರೆ ಸ್ಪಾರ್ಕ್ ಕೂಡ 4° ಮುಂದೆ ಹೋಗುತ್ತದೆ, ಘಾಟಿಯ ಲೋಡ್‌ನಲ್ಲಿ ನಾಕಿಂಗ್ (ಎಂಜಿನ್ ಒಳಗೆ ಬಡಿಯುವ ಸದ್ದು) ಶುರುವಾಗುತ್ತದೆ. ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಪೈಪ್ ಕಿತ್ತು ಬಾಯಿ ಮುಚ್ಚಿ, ಟೈಮಿಂಗ್ ಲೈಟ್ ಹಿಡಿದು ಮತ್ತೆ ಸೆಟ್ ಮಾಡಿ.