ಸಹಾಯ ಬೇಕು: ಮಿಲ್‌ನಲ್ಲಿ ಪಾಸ್, ಸಿಲ್‌ನಲ್ಲಿ ಒಂದು ಸ್ಟೆಪ್ ತಡ

ನಮಸ್ಕಾರ. ಮೂರು ದಿನದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಸಿಮ್ಯುಲಿಂಕ್‌ನಲ್ಲಿ (ಮಾಡೆಲ್ ಕಟ್ಟಿ ಓಡಿಸುವ ಸಾಫ್ಟ್‌ವೇರ್) ಕ್ರೂಸ್ ಕಂಟ್ರೋಲ್ ಮಾಡೆಲ್ ಇದೆ, ಗಾಡಿಯ ವೇಗವನ್ನು ತಾನೇ ಕಾಯ್ದುಕೊಳ್ಳುವಂಥದ್ದು. ಅದರ ಪಿಐ ಕಂಟ್ರೋಲರ್ (ವೇಗದ ವ್ಯತ್ಯಾಸ ನೋಡಿ ಥ್ರಾಟಲ್ ಹೊಂದಿಸುವ ಭಾಗ) 10 ಮಿಲಿಸೆಕೆಂಡಿಗೊಮ್ಮೆ ಓಡುತ್ತದೆ. ಗಾಡಿಯ ಪ್ಲಾಂಟ್ ಮಾಡೆಲ್ (ಗಾಡಿಯ ವರ್ತನೆ ಲೆಕ್ಕ ಹಾಕುವ ಮಾಡೆಲ್) ಜೊತೆ ಲೂಪ್ ಮುಚ್ಚಿ ಮಿಲ್ (ಮಾಡೆಲ್ ಇನ್ ದ ಲೂಪ್, ಅಂದರೆ ಮಾಡೆಲನ್ನೇ ಓಡಿಸುವ) ಟೆಸ್ಟ್ ಮಾಡಿದರೆ ಎಲ್ಲಾ ಪಾಸ್. ಅದೇ ಟೆಸ್ಟನ್ನು ಜನರೇಟ್ ಆದ ಸಿ ಕೋಡ್ ಮೇಲೆ ಸಿಲ್‌ನಲ್ಲಿ (ಸಾಫ್ಟ್‌ವೇರ್ ಇನ್ ದ ಲೂಪ್) ಓಡಿಸಿದರೆ ಫೇಲ್. ಸೆಟ್ ಸ್ಪೀಡ್ 80ರಿಂದ 90ಕ್ಕೆ ಏರಿಸಿದಾಗ ಮಿಲ್‌ನಲ್ಲಿ ಥ್ರಾಟಲ್ 5.00 ಸೆಕೆಂಡಿಗೆ ಏಳುತ್ತದೆ, ಸಿಲ್‌ನಲ್ಲಿ 5.01ಕ್ಕೆ. ಆಮೇಲೆ ವೇಗದ ಗೆರೆಯೂ ಬೇರೆಯಾಗುತ್ತದೆ.

ಸಾಲ್ವರ್ (ಸಿಮ್ಯುಲೇಶನ್ ಲೆಕ್ಕ ಹಾಕುವ ಭಾಗ) ಫಿಕ್ಸೆಡ್ ಸ್ಟೆಪ್ ಮಾಡಿ ನೋಡಿದೆ. ಎರಡೂ ಕಡೆ ಡೇಟಾ ಟೈಪ್ ಸಿಂಗಲ್ಲೇ. ಟಾಲರೆನ್ಸ್ (ಒಪ್ಪಬಹುದಾದ ವ್ಯತ್ಯಾಸ) ಜಾಸ್ತಿ ಮಾಡಿದರೆ ಪಾಸ್ ಆಗುತ್ತದೆ, ಆದರೆ ಅದು ಸುಮ್ನೆ ಕಣ್ಣೊರೆಸಿದ ಹಾಗೆ ಅಲ್ವಾ?

ಕೊನೆಗೆ ಮಿಲ್‌ನ ಇನ್‌ಪುಟ್ ರೆಕಾರ್ಡ್ ಮಾಡಿ, ಪ್ಲಾಂಟ್ ಬಿಟ್ಟು, ಕೋಡಿಗೆ ಮಾತ್ರ ಕೊಟ್ಟೆ. ಪೂರ್ತಿ ಹೊಂದಿತು! ಅಂದರೆ ಕೋಡ್ ಸರಿ ಇದೆ. ಸಿಲ್ ಹಾರ್ನೆಸ್‌ನಲ್ಲಿ (ಟೆಸ್ಟ್ ಓಡಿಸುವ ಚೌಕಟ್ಟು) ಯಾರೋ ಆಲ್ಜಿಬ್ರಾಯಿಕ್ ಲೂಪ್ (ಒಂದೇ ಸ್ಟೆಪ್‌ನಲ್ಲಿ ಔಟ್‌ಪುಟ್ ತನ್ನದೇ ಇನ್‌ಪುಟ್‌ಗೆ ಕಾಯುವ ಸುತ್ತು) ಮುರಿಯಲು ಹಾಕಿದ ಯೂನಿಟ್ ಡಿಲೇ (ಸಿಗ್ನಲನ್ನು ಒಂದು ಸ್ಟೆಪ್ ತಡ ಮಾಡುವ ಬ್ಲಾಕ್) ಮೇಲೇ ನನಗೆ ಅನುಮಾನ.

ಐಎಸ್ಒ 26262 (ವಾಹನಗಳ ಸುರಕ್ಷತೆಯ ಮಾನದಂಡ) ಹೇಳುವ ಬ್ಯಾಕ್ ಟು ಬ್ಯಾಕ್ ಹೋಲಿಕೆಗೆ, ಅಂದರೆ ಮಾಡೆಲ್ ಮತ್ತು ಕೋಡ್ ಹೋಲಿಸಲು, ಪ್ಲಾಂಟ್ ಬಿಟ್ಟು ಮಾಡಿದ ಈ ಓಪನ್ ಲೂಪ್ ಫಲಿತಾಂಶ ಸಾಕಾ, ಅಥವಾ ಮಿಲ್‌ಗೂ ಅದೇ ಡಿಲೇ ಹಾಕಿ ಕ್ಲೋಸ್ಡ್ ಲೂಪ್‌ನಲ್ಲೇ ಹೊಂದಿಸಿ ತೋರಿಸಬೇಕಾ?